ಒಳ ಅಂಚಿನ ನೂಲು

ಅವಳಿಗೆ ಓದು ಬರಹ ಚೆನ್ನಾಗಿಯೇ ಬರುತ್ತಿತ್ತು. ಆದರೂ ಊರಾಚೆಯ ಕಾರ್ ಟ್ರ್ಯಾಕ್‌ನಲ್ಲಿ ಎಲ್ಲರೂ ಅವಳನ್ನು ಹೆಬ್ಬೆಟ್ಟಕ್ಕ ಎಂದೇ ಕರೆಯುತ್ತಿದ್ದರು. ಹೊಸಬರು ಯಾರಾದರೂ ಹೆಸರು ಕೇಳಿ, ಪಾಪ, ಸಹಿ ಹಾಕಲು ಬಾರದ ಹೆಂಗಸು ಎಂದುಕೊಂಡು ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದರೆ, ಅವಳು ಕೊನೆಯವರೆಗೂ ತಾಳ್ಮೆಯಿಂದ ಕೇಳಿಸಿಕೊಂಡು, "ಆಯ್ತಾ? ಈಗ ಪಕ್ಕಕ್ಕೆ ನಿಲ್ಲಿ, ನಾನು ಟೈರ್ ನೋಡ್ಬೇಕು" ಎನ್ನುತ್ತಿದ್ದಳು.

ಹೆಸರು ಬಂದದ್ದು ಅವಳ ಬಲಗೈ ಹೆಬ್ಬೆರಳಿನಿಂದ. ವಿಮಾನಗಳು ಬರುವುದು ನಿಂತುಹೋದ ಒಂದು ಹಳೆಯ ನಿಲ್ದಾಣವನ್ನು ಯಾರೋ ಗುತ್ತಿಗೆಗೆ ಹಿಡಿದು ಟ್ರ್ಯಾಕ್ ಮಾಡಿದ್ದರು. ಅಲ್ಲಿ ಪಂದ್ಯವಿಲ್ಲ, ಬಹುಮಾನವಿಲ್ಲ. ರಜೆಯ ದಿನ ಹಲ್ಲಿನ ಡಾಕ್ಟರು, ಬಸ್ ಡ್ರೈವರು, ಬೇಕರಿಯವನು, ಹೀಗೆ ಯಾರ್‍ಯಾರೋ ತಮ್ಮ ತಮ್ಮ ಕಾರು ತಂದು ಮನಸ್ಸು ತಣಿಯುವಷ್ಟು ಜೋರಾಗಿ ಓಡಿಸಿಕೊಂಡು ಹೋಗುತ್ತಿದ್ದರು. ಒಳಗೆ ಹೋಗುವ ಮೊದಲು ಎರಡೂ ಕಡೆ ಬಾಗಿಲಿಲ್ಲದ ಒಂದು ತಗಡಿನ ಶೆಡ್ ದಾಟಬೇಕು. ಶೆಡ್ಡಿನಲ್ಲಿ ಒಂದು ಹಳೆಯ ರಗ್ಗಿನ ತುಂಡಿನ ಮೇಲೆ ಮಂಡಿಯೂರಿ ಅವಳು ಪ್ರತಿ ಟೈರನ್ನೂ ಮುಟ್ಟಿ ನೋಡಬೇಕು. ಅವಳು ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಒಳಗೆ. ಇಲ್ಲದಿದ್ದರೆ ಬಂದ ದಾರಿಯಲ್ಲೇ ಮನೆಗೆ.

ಟ್ರ್ಯಾಕ್‌ಗೆ ಯಾರೂ ಹೊಸ ಟೈರು ಹಾಕಿಕೊಂಡು ಬರುವುದಿಲ್ಲ. ರಸ್ತೆಗೆ ಬೇಡವೆನಿಸಿದ ಸವೆದ ಟೈರನ್ನೇ ತರುತ್ತಾರೆ. ಅದರಲ್ಲಿ ತಪ್ಪೂ ಇಲ್ಲ. ಒಣಗಿದ ನೆಲದಲ್ಲಿ, ಗೀರುಗಳ ಆಳ ತುಸು ಕಡಿಮೆಯಾದ ಟೈರು ಹೊಸದಕ್ಕಿಂತ ಗಟ್ಟಿಯಾಗಿ ನೆಲ ಹಿಡಿಯುತ್ತದೆ. ಹೊಸದರ ಎತ್ತರದ ರಬ್ಬರ್ ತಿರುವಿನಲ್ಲಿ ಓಲಾಡಿ, ಕಾದು, ಚೂರು ಚೂರಾಗಿ ಕಿತ್ತು ಬರುತ್ತದೆ. ನೆಲ ಒದ್ದೆಯಾದರೆ ಮಾತ್ರ ಕಥೆ ತಲೆಕೆಳಗು. ಎಷ್ಟು ಸವೆದಿದೆ ಎಂದು ಅಳೆಯುವ ಕಡ್ಡಿ ಅವಳ ಜೇಬಿನಲ್ಲೂ ಇತ್ತು. ಆದರೆ ಅವಳ ತಲೆಯಲ್ಲಿದ್ದ ಪ್ರಶ್ನೆ ಬೇರೆ: ಎಲ್ಲಿ ಸವೆದಿದೆ, ಉಳಿದಿರುವ ರಬ್ಬರಿನಲ್ಲಿ ಜೀವ ಇದೆಯೇ. ಹೆಬ್ಬೆರಳಿನ ಉಗುರು ಒತ್ತಿದರೆ ಜೀವ ಇರುವ ರಬ್ಬರ್ ಉಗುರನ್ನು ಒಳಗೆ ಬಿಟ್ಟುಕೊಂಡು, ಕೈ ತೆಗೆದ ಮೇಲೆ ಮೆಲ್ಲನೆ ಮೇಲೇಳುತ್ತದೆ. ಕಾದು ಆರಿ, ಕಾದು ಆರಿ ಸತ್ತುಹೋದ ರಬ್ಬರಿನ ಮೇಲೆ ಉಗುರು ಜಾರುತ್ತದೆ. ಆಮೇಲೆ ಒಳ ಅಂಚು. ತಿರುವಿನಲ್ಲಿ ಚೆನ್ನಾಗಿ ಹಿಡಿಯಲಿ ಎಂದು ಚಕ್ರದ ಮೇಲ್ಭಾಗವನ್ನು ತುಸು ಒಳಕ್ಕೆ ವಾಲಿಸಿ ಕೂರಿಸಿದ ಕಾರುಗಳಲ್ಲಿ ಒಳ ಅಂಚೇ ಹೆಚ್ಚು ಉಜ್ಜಿಹೋಗುವುದು. ನಿಂತು ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ಅವಳು ಚಕ್ರದ ಹಿಂದೆ ಕೈ ತೂರಿಸಿ ಬೆರಳಾಡಿಸುತ್ತಿದ್ದಳು. ರಬ್ಬರಿನೊಳಗೆ ಟೈರನ್ನು ಬಿಗಿಹಿಡಿದಿರುವ ನೂಲು ಹೊರಗೆ ಕಾಣುವ ಮೊದಲೇ, ತೆಳುವಾದ ರಬ್ಬರಿನಡಿಯಿಂದ ಅದರ ನೇಯ್ಗೆ ಬೆರಳಿಗೆ ಸಿಕ್ಕಿಬಿಡುತ್ತದೆ.

"ಅಕ್ಕ, ಬೋಳಾದ್ರೂ ಪರವಾಗಿಲ್ಲ ಅಂತೀರಲ್ಲ, ನಂದು ಯಾಕೆ ಬೇಡ?" ಎಂದು ಹಲ್ಲಿನ ಡಾಕ್ಟರು ಒಮ್ಮೆ ಗೋಗರೆದಿದ್ದರು.

ಅವಳು ಅವರ ನುಣ್ಣನೆಯ ತಲೆಯನ್ನೊಮ್ಮೆ ನೋಡಿ, "ಮೇಲೆ ಬೋಳಿದ್ರೆ ನಡೆಯುತ್ತೆ ಡಾಕ್ಟ್ರೇ, ನೀವೇ ಸಾಕ್ಷಿ. ಒಳಗಡೆ ಖಾಲಿಯಾದ್ರೆ ನಡೆಯಲ್ಲ" ಎಂದಿದ್ದಳು. ಶೆಡ್ಡಿನಲ್ಲಿದ್ದವರೆಲ್ಲ ನಕ್ಕಿದ್ದರು, ಡಾಕ್ಟರೂ ನಕ್ಕು ಕಾರು ತಿರುಗಿಸಿದ್ದರು.

ಈ ಕೆಲಸವನ್ನು ಅವಳು ಕಲಿತದ್ದು ಅಪ್ಪನ ಅಂಗಡಿಯಲ್ಲಿ. ಲಾರಿಗಳ ಸವೆದ ಟೈರನ್ನು ಉಜ್ಜಿ, ಅದರ ಮೇಲೆ ಹೊಸ ರಬ್ಬರ್ ಕೂರಿಸುವ ಅಂಗಡಿ ಅದು. ಹಳೆಯ ರಬ್ಬರನ್ನು ಉಜ್ಜುವ ಮೆಷಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಮದುವೆಯವರೆಗೂ ದುಡಿದಿದ್ದಳು, ಮದುವೆಯಾದ ಮೇಲೂ ಅಂಗಡಿ ಮುಚ್ಚುವ ತನಕ ದುಡಿದಿದ್ದಳು. ಗಂಡ ಅದೇ ಟ್ರ್ಯಾಕ್‌ನಲ್ಲಿ ಕೆಟ್ಟು ನಿಂತ ಕಾರುಗಳನ್ನು ಎಳೆದು ತರುವ ಟ್ರಕ್ ಓಡಿಸುತ್ತಿದ್ದ. "ಒಳಗೆ ಬಿಡೋಳು ನಾನು, ಹೊರಗೆ ಎಳ್ಕೊಂಡು ಬರೋರು ಇವರು" ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಮನೆಯಲ್ಲಿ ಇವರಿಬ್ಬರ ಜೊತೆ ಗಂಡನ ತಂಗಿ ಇದ್ದಳು. ಮದುವೆಯ ಗೋಜಿಗೆ ಹೋಗದೆ, ಮುಂಗೋಣೆಯ ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು, ಬೀದಿಯ ಅರ್ಧ ಹೆಂಗಸರ ಬಟ್ಟೆಯನ್ನೂ ಗುಟ್ಟನ್ನೂ ಹೊಲಿದು ಇಡುವವಳು.

ಅತ್ತಿಗೆಯ ಕೈ ಕೆಟ್ಟಿದೆ ಎಂದು ಮೊದಲು ಕಂಡುಹಿಡಿದವಳು ಈ ನಾದಿನಿಯೇ. ಒಂದು ಸಂಜೆ ಪರದೆಯ ಬಟ್ಟೆ ಮಡಿಸಲು ಇಬ್ಬರೂ ಎರಡು ತುದಿ ಹಿಡಿದು ನಿಂತಿದ್ದರು. ನಾದಿನಿ ಇದ್ದಕ್ಕಿದ್ದಂತೆ ಬಟ್ಟೆ ಕೈಬಿಟ್ಟಳು.

"ಅತ್ತಿಗೆ, ಅಲ್ಲಾಡಬೇಡಿ. ಬೆರಳು ನೋಡ್ಕೊಳ್ಳಿ."

ತೋರುಬೆರಳಿಗೆ ಗುಂಡುಪಿನ್ನು ಅರ್ಧ ಇಳಿದಿತ್ತು. ರಕ್ತ ಒಂದು ಹನಿ ಬಂದು ಬಟ್ಟೆಗೆ ತಾಗಿತ್ತು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

"ಯಾವತ್ತಿಂದ ಹೀಗೆ?"

"ಚಳಿಗೆ ಸ್ವಲ್ಪ ಜೋಮು ಹಿಡಿಯುತ್ತೆ ಅಷ್ಟೇ."

"ಈಗೆಲ್ಲಿದೆ ಚಳಿ?"

ಅವಳು ಪಿನ್ನು ಕಿತ್ತು, ಬಟ್ಟೆಯ ಕಲೆಗೆ ತಣ್ಣೀರು ಹಾಕಲು ಹೋದಳು. ನಿಜವಾಗಿ ಶುರುವಾಗಿ ಬಹಳ ದಿನವಾಗಿತ್ತು. ಬೆಳಿಗ್ಗೆ ತಂಪಿನಲ್ಲಿ ಬೆರಳುಗಳು ಗೆಣ್ಣಿನವರೆಗೆ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತಿದ್ದವು. ಮೊದಮೊದಲು ಬಿಸಿಲೇರಿದರೆ ಸರಿಹೋಗುತ್ತಿತ್ತು. ಈಚೆಗೆ ಬಣ್ಣ ಬಂದರೂ ಸ್ಪರ್ಶ ಪೂರ್ತಿ ಬರುತ್ತಿರಲಿಲ್ಲ. ಉಜ್ಜುವ ಮೆಷಿನ್ನಿನ ನಡುಕ ವರ್ಷಗಟ್ಟಲೆ ಕೈಗೆ ಇಳಿದು ನರಗಳನ್ನು ತಿಂದುಹಾಕಿದೆ ಎಂಬುದು ಆಗ ಅವಳಿಗೆ ಗೊತ್ತಿರಲಿಲ್ಲ. ನಾದಿನಿ ಡಾಕ್ಟರ ಹತ್ತಿರ ಹೋಗೋಣ ಎಂದು ಬೆನ್ನು ಬಿದ್ದಳು. ಟ್ರ್ಯಾಕ್‌ನ ಸೀಸನ್ ಮುಗಿಯಲಿ ಎಂದು ಅವಳು ದಿನ ತಳ್ಳಿದಳು. ಗಂಡನಿಗೆ ಹೇಳಬೇಡ ಎಂದು ಮಾತನ್ನೂ ತೆಗೆದುಕೊಂಡಳು.

ಶೆಡ್ಡಿನಲ್ಲಿ ಅವಳು ಕೈಯ ಕೆಲಸವನ್ನು ಕಣ್ಣಿಗೆ ಹೊರಿಸತೊಡಗಿದಳು. ಬಾಗಿ, ತಲೆಯನ್ನು ನೆಲಕ್ಕೆ ತಾಗಿಸಿ ನೋಡುವಳು. ಸ್ವಲ್ಪ ಅನುಮಾನ ಬಂದರೂ ವಾಪಸ್ ಕಳಿಸುವಳು. ಒಳ್ಳೆಯ ಟೈರುಗಳೂ ಹಾಗೆ ವಾಪಸ್ ಹೋದವು. ಜನ ಗೊಣಗಿದರು, ಕೆಲವರು ಬರುವುದನ್ನೇ ಬಿಟ್ಟರು. ಟ್ರ್ಯಾಕ್‌ನ ಮ್ಯಾನೇಜರು ಒಂದು ದಿನ ಅವಳನ್ನು ಆಫೀಸಿಗೆ ಕರೆದು, "ಅಕ್ಕ, ನಿಮ್ಮ ಮಾತಿಗೆ ನಾನು ಎದುರಾಡಲ್ಲ. ಆದ್ರೆ ಮೊದಲು ಬಿಡ್ತಿದ್ದಂಥ ಟೈರನ್ನೇ ಈಗ ಬೇಡ ಅಂತಿದ್ದೀರಿ. ಏನಾಗಿದೆ?" ಎಂದು ಕೇಳಿದರು. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. "ಏನಿಲ್ಲ ಸರ್, ವಯಸ್ಸಾಯ್ತಲ್ಲ, ಹೆದರಿಕೆ ಜಾಸ್ತಿ" ಎಂದಳು. ಅಲ್ಲಿಂದ ಮುಂದೆ ಸ್ವಲ್ಪ ಸಡಿಲ ಬಿಟ್ಟಳು. ಗೊತ್ತಿರುವವರ ವಿಷಯದಲ್ಲಿ, ಎಚ್ಚರಿಕೆಯ ಮನುಷ್ಯರ ವಿಷಯದಲ್ಲಿ, ಟೈರಿಗಿಂತ ಹೆಚ್ಚಾಗಿ ಮುಖ ನೋಡತೊಡಗಿದಳು.

ಬೇಕರಿಯವನು ಅಂಥ ಎಚ್ಚರಿಕೆಯ ಮನುಷ್ಯ. ಬೆಳಗಿನ ಜಾವದ ಬ್ರೆಡ್ಡು ಒಲೆಯಿಂದ ಇಳಿಸಿ, ತೋಳಿನ ಮೇಲೆ ಹಿಟ್ಟಿನ ಧೂಳಿರುವಂತೆಯೇ ಬರುತ್ತಿದ್ದ. ಕಾರಿನ ಚಕ್ರ ಬದಲಿಸುವುದು, ಗಾಳಿ ನೋಡುವುದು ಎಲ್ಲವೂ ಅವನದೇ ಕೈ. ಶೆಡ್ಡಿಗೆ ಬರುವಾಗ ಅವಳಿಗೊಂದು ಬನ್ನು ತರುತ್ತಿದ್ದ. ಅವಳು ಟೈರು ನೋಡಿ ಮುಗಿಯುವವರೆಗೆ ಅದನ್ನು ಮುಟ್ಟುತ್ತಿರಲಿಲ್ಲ.

ಆ ಬೆಳಿಗ್ಗೆ ಮಂಜು ಇನ್ನೂ ಹರಿದಿರಲಿಲ್ಲ. ಅವಳು ಬೇಕರಿಯವನ ಕಾರಿನ ಮುಂದಿನ ಎಡ ಚಕ್ರದ ಹಿಂದೆ ಕೈ ತೂರಿಸಿದಳು. ಆ ಟ್ರ್ಯಾಕ್‌ನಲ್ಲಿ ಹೆಚ್ಚು ಬಲ ತಿರುವುಗಳೇ, ಹಾಗಾಗಿ ಭಾರವೆಲ್ಲ ಬೀಳುವುದು ಎಡ ಚಕ್ರದ ಮೇಲೆ. ಬೆರಳನ್ನು ಒಳ ಅಂಚಿನುದ್ದಕ್ಕೂ ಆಡಿಸಿದಳು. ಏನೂ ಸಿಗಲಿಲ್ಲ. ಇನ್ನೊಮ್ಮೆ ಆಡಿಸಿದಳು. ಏನೂ ಸಿಗಲಿಲ್ಲ. ಅಲ್ಲಿ ಏನೂ ಇಲ್ಲವೋ, ತನಗೆ ಗೊತ್ತಾಗುತ್ತಿಲ್ಲವೋ ಎಂಬ ಪ್ರಶ್ನೆ ಒಂದು ಕ್ಷಣ ಎದೆಯಲ್ಲಿ ಎದ್ದು ನಿಂತಿತು. ಜ್ಯಾಕ್ ಹಾಕಿ ಚಕ್ರ ಎತ್ತಿಸಿ ನೋಡಬಹುದಿತ್ತು. ಹಿಂದೆ ಕಾರುಗಳ ಸಾಲು ಉದ್ದವಿತ್ತು. ಮುಂದೆ ಬೇಕರಿಯವನು ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

"ಹೇಗಿದೆ ಅಕ್ಕ?"

"ಪರವಾಗಿಲ್ಲ. ಮಧ್ಯಾಹ್ನದವರೆಗೆ ಓಡಿಸಿ, ಆಮೇಲೆ ಇನ್ನೊಂದ್ಸಲ ತೋರಿಸಿ."

ಅವನು ತಲೆಯಾಡಿಸಿದ. ಆ ತಲೆಯಾಟದಲ್ಲಿ ಏನೋ ಒಂದು ತಡ ಇತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು. ಆಗ ಅವಳು ಸೀಮೆಸುಣ್ಣದ ಗುರುತು ಹಾಕಿ ಮುಂದಿನ ಕಾರಿಗೆ ಕೈ ಬೀಸಿದಳು.

ಮಂಜು ಹರಿದು ಬಿಸಿಲು ಬಿದ್ದಿತ್ತು. ಟ್ರ್ಯಾಕ್‌ನ ಆ ಕಡೆಯಿಂದ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಪಟಪಟ ಸದ್ದು ಬಂತು, ಆಮೇಲೆ ಒಂದು ಭಾರವಾದ ಸದ್ದು. ಗಂಡನ ಟ್ರಕ್ಕೂ ಆಂಬುಲೆನ್ಸೂ ಒಟ್ಟಿಗೇ ಹೊರಟವು. ಉದ್ದನೆಯ ಬಲ ತಿರುವಿನಲ್ಲಿ ಬೇಕರಿಯವನ ಎಡ ಟೈರು ಕಿತ್ತುಹೋಗಿ, ಕಾರು ನೇರ ಹೋಗಿ ಅಡ್ಡಗೋಡೆಗೆ ಬಡಿದಿತ್ತು. ಅವನ ಸೊಂಟದ ಮೂಳೆ, ತೊಡೆಯ ಮೂಳೆ ಎರಡೂ ಮುರಿದಿದ್ದವು. ಅವನನ್ನು ಒಯ್ಯುವಾಗ ಪ್ರಜ್ಞೆ ಇತ್ತು. ಹೆಂಡತಿಗೆ ಫೋನ್ ಮಾಡಿ, ಒಲೆಯ ವಿಷಯ ಹೇಳಿ ಎಂದು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದನಂತೆ.

ಗಂಡ ಕಾರನ್ನು ಎಳೆದು ತಂದು ಶೆಡ್ಡಿನ ಹಿಂದೆ ಇಳಿಸಿದ. ಅವಳು ಹೋಗಿ ಚಕ್ರದ ಪಕ್ಕ ಕುಳಿತಳು. ಟೈರು ಚಿಂದಿಯಾಗಿತ್ತು. ಒಂದು ಗೇಣಿನಷ್ಟು ಒಳ ಅಂಚು ಮಾತ್ರ ಉಳಿದಿತ್ತು. ಅಲ್ಲಿ ನೂಲು ಎದ್ದಿತ್ತು. ಆಗಷ್ಟೇ ಹರಿದ ನೂಲಾದರೆ ಬೆಳ್ಳಗೆ, ಕೆದರಿಕೊಂಡಿರುತ್ತದೆ. ಇದು ಕಪ್ಪಾಗಿ, ನೆಲಕ್ಕೆ ಉಜ್ಜಿ ನುಣುಪಾಗಿತ್ತು. ಬೆಳಿಗ್ಗೆ ಅವಳ ಬೆರಳು ಅದರ ಮೇಲೇ ಹರಿದಾಡಿತ್ತು.

ಗಂಡ ಅವಳ ಮುಖ ನೋಡಿದ. ಟಾರ್ಪಾಲು ತಂದು ಕಾರಿಗೆ ಮುಚ್ಚಿದ.

ಮ್ಯಾನೇಜರು ಬಂದು ಕೇಳಿದಾಗ ಅವಳು, "ಬೆಳಿಗ್ಗೆ ಎರಡು ಸಲ ಮುಟ್ಟಿ ನೋಡಿದ್ದೆ ಸರ್" ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರು ಅವಳ ಭುಜ ತಟ್ಟಿ, "ನೀವು ನೋಡಿದ ಮೇಲೆ ಮುಗೀತು ಬಿಡಿ. ಓಡ್ತಾ ಓಡ್ತಾ ಹೋಗಿರುತ್ತೆ" ಎಂದರು. ಸುಳ್ಳು ಹೇಳಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ ಎಂದು ಅವಳಿಗೆ ಅನ್ನಿಸಿತು.

ಆ ಸಂಜೆ ಮನೆಯಲ್ಲಿ ಮೂವರೂ ಊಟಕ್ಕೆ ಕುಳಿತರು. ಗಂಡ ಬೇಕಾದ್ದಕ್ಕಿಂತ ಜೋರಾಗಿ ಬೇರೆ ಬೇರೆ ಮಾತಾಡುತ್ತಿದ್ದ. ನಾದಿನಿ ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು:

"ಅತ್ತಿಗೆ, ಅದು ನಿಮ್ಮ ಕೈಗೆ ಸಿಕ್ಕಿತ್ತಾ?"

"ಯಾವುದು?" ಎಂದ ಗಂಡ.

"ನಾನು ಅತ್ತಿಗೇನ ಕೇಳ್ತಿದ್ದೀನಿ ಅಣ್ಣ."

ಅವಳು ಕೈ ತೊಳೆದು ಬಂದು, ಕೈಗಳನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಪಿನ್ನಿನ ವಿಷಯ, ಬಿಳಿಚುವ ಬೆರಳಿನ ವಿಷಯ, ಕಪ್ಪು ನೂಲಿನ ವಿಷಯ. ಗಂಡ ಬಹಳ ಹೊತ್ತು ಅವಳ ಕೈಗಳನ್ನೇ ನೋಡಿದ. ಆಮೇಲೆ ತಂಗಿಯ ಮೇಲೆ ಹಾರಿಬಿದ್ದ. "ನಿಂಗೆ ಗೊತ್ತಿತ್ತು, ನಂಗೆ ಹೇಳ್ಲಿಲ್ಲ. ಈಗ ಕೆದಕ್ತೀಯ."

"ಹೇಳ್ಬೇಡ ಅಂದಿದ್ರು. ನಾನೂ ಬಾಯಿ ಮುಚ್ಕೊಂಡೆ. ನಂದೂ ತಪ್ಪೇ" ಎಂದಳು ನಾದಿನಿ. "ಅದಕ್ಕೇ ಈಗ ಮುಚ್ಕೊಳ್ಳಲ್ಲ."

"ಟೈರು ಚಿಂದಿಯಾಗಿದೆ. ಯಾರೂ ಕೇಳ್ತಿಲ್ಲ. ಯಾರೂ ಕೇಳದೇ ಇರೋದನ್ನ ಹೋಗಿ ಹೇಳಿ ಏನು ಸಾಧಿಸ್ತೀಯ?" ಅವನು ಹೆಂಡತಿಯ ಕಡೆ ತಿರುಗಿದ. ದನಿ ಇಳಿದಿತ್ತು. "ಆ ಶೆಡ್ ಬಿಟ್ರೆ ನಿಂಗೆ ಏನಿದೆ ಹೇಳು."

ಅವನು ಕೆಟ್ಟದ್ದನ್ನು ಬಯಸಿ ಆಡಿದ ಮಾತಲ್ಲ ಅದು. ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ಆ ವಾರ ಅವಳು ಮತ್ತೆ ಶೆಡ್ಡಿಗೆ ಹೋದಳು. ಮೊದಲ ಕಾರಿನ ಚಕ್ರಕ್ಕೆ ಕೈ ಇಟ್ಟಳು. ಕಾರಿನವನು ಕಾದು ನಿಂತ. ಅವಳ ಬಾಯಿಂದ ಹೌದೂ ಬರಲಿಲ್ಲ, ಇಲ್ಲವೂ ಬರಲಿಲ್ಲ. "ಇವತ್ತು ಮೈಗೆ ಸರಿಯಿಲ್ಲ" ಎಂದು ಎದ್ದು, ಗಂಡನ ಟ್ರಕ್ಕಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತುಬಿಟ್ಟಳು.

ಮರುದಿನ ನಾದಿನಿಯ ಜೊತೆ ಆಸ್ಪತ್ರೆಗೆ ಹೋದಳು. ಬೇಕರಿಯವನು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ತೋಳಿನ ಮೇಲೆ ಹಿಟ್ಟಿನ ಧೂಳಿಲ್ಲದೆ ಬೇರೆ ಯಾರೋ ಅನ್ನಿಸುವಂತಿದ್ದ. ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕುಳಿತು ಹಣ್ಣು ಬಿಡಿಸುತ್ತಿದ್ದಳು. ಅವಳೇ ಕುರ್ಚಿ ಬಿಟ್ಟುಕೊಟ್ಟು, "ಕೂತ್ಕೊಳ್ಳಿ ಅಕ್ಕ, ನಿಮ್ಮ ವಿಷಯ ಇವರು ಯಾವಾಗಲೂ ಹೇಳ್ತಿರ್ತಾರೆ" ಎಂದಳು.

ಅವಳು ಕೂರಲಿಲ್ಲ. ನಿಂತೇ ಹೇಳಿದಳು. "ನನ್ನ ಬೆರಳಿಗೆ ಸ್ಪರ್ಶ ಇಲ್ಲ. ತುಂಬ ದಿನದಿಂದ ಇಲ್ಲ. ಆವತ್ತು ನಿಮ್ಮ ಟೈರಿನ ಒಳಗಡೆ ನೂಲು ಎದ್ದಿತ್ತು. ನಂಗೆ ಗೊತ್ತಾಗಲಿಲ್ಲ. ಅನುಮಾನ ಬಂದಿತ್ತು, ಆದ್ರೂ ಹೋಗಿ ಅಂದೆ."

ಬೇಕರಿಯವನು ಕಣ್ಣು ಮುಚ್ಚಿದ. ಸಿಟ್ಟು ಬಂತೆಂದು ಅವಳು ಅಂದುಕೊಂಡಳು.

"ನಾನು ನೋಡಿದ್ದೆ ಅಕ್ಕ," ಎಂದ ಅವನು. "ಹಿಂದಿನ ದಿನ ಚಕ್ರ ಹಾಕುವಾಗ್ಲೇ ನೂಲು ಕಂಡಿತ್ತು. ಸ್ವಲ್ಪ ಇದೆ, ಅಕ್ಕ ಏನಂತಾರೋ ನೋಡೋಣ, ಬೇಡ ಅಂದ್ರೆ ವಾಪಸ್ ಬರೋಣ ಅಂದ್ಕೊಂಡೆ. ನೀವು ಕೈ ಹಾಕಿದಾಗ ಬೇಡ ಅಂತೀರ ಅಂತಲೇ ಕಾಯ್ತಿದ್ದೆ. ನೀವು ಪರವಾಗಿಲ್ಲ ಅಂದ್ರಿ. ಹಾಗಾದ್ರೆ ನಂದೇ ಹೆದರಿಕೆ ಇರಬೇಕು ಅಂತ ಹೋದೆ."

ಹೆಂಡತಿಯ ಕೈಯಲ್ಲಿದ್ದ ಹಣ್ಣು ಹಾಗೇ ನಿಂತಿತು. ಈ ಎರಡೂ ಮಾತನ್ನು ಅವಳು ಕೇಳುತ್ತಿದ್ದದ್ದು ಅದೇ ಮೊದಲು. ಅವಳು ಗಂಡನನ್ನು ನೋಡಿದಳು, ನಿಂತವಳನ್ನು ನೋಡಿದಳು. ದನಿ ಏರಿಸಲಿಲ್ಲ.

"ಇವರು ನಿಮ್ಮ ಕೈ ನಂಬಿದ್ರು. ನೀವು ಇವರ ಮುಖ ನಂಬಿದ್ರಿ. ಟೈರನ್ನ ಯಾರು ನೋಡಿದ್ರಿ?"

ಅವಳು ಹಣ್ಣನ್ನು ಪಕ್ಕಕ್ಕಿಟ್ಟಳು. "ನೀವಿನ್ನು ಹೋಗಿ" ಎಂದಳು ಅವಳು. "ನನಗೆ ಇವರ ಹತ್ರ ಮಾತಾಡೋದಿದೆ."

ಹೊರಗೆ ಬಸ್ ಸ್ಟಾಪಿನಲ್ಲಿ ನಾದಿನಿ, "ಅವನಿಗೂ ಗೊತ್ತಿತ್ತಲ್ಲ ಅತ್ತಿಗೆ. ಸ್ವಲ್ಪ ಹಗುರ ಆಯ್ತಾ?" ಎಂದು ಕೇಳಿದಳು. ಅವಳು ತಲೆ ಅಲ್ಲಾಡಿಸಿದಳು. ಹಗುರವಾಗಲಿಲ್ಲ. ಹೆದರಿದ ಮನುಷ್ಯನೊಬ್ಬ ಒಂದು 'ಬೇಡ'ಕ್ಕಾಗಿ ತನ್ನ ಬಾಯನ್ನೇ ನೋಡುತ್ತ ನಿಂತಿದ್ದ ಎಂಬುದು ಇನ್ನಷ್ಟು ಭಾರವಾಗಿತ್ತು.

ಅಲ್ಲಿಂದ ನೇರ ಮ್ಯಾನೇಜರ ಹತ್ತಿರ ಹೋದಳು. ಅವರು ಕೇಳಿ ಮುಗಿಸಿ ಹಣೆ ಹಿಡಿದುಕೊಂಡರು. "ಇದನ್ನ ನೀವು ನಂಗೆ ಹೇಳ್ದೇ ಇದ್ದಿದ್ರೆ ಚೆನ್ನಾಗಿತ್ತು" ಎಂದರು. ಆಮೇಲೆ, "ಇಲ್ಲ, ಹಾಗಲ್ಲ. ಮೊದಲೇ ಹೇಳಿದ್ರೆ ಚೆನ್ನಾಗಿತ್ತು" ಎಂದು ತಿದ್ದಿಕೊಂಡರು. ಆ ತಿಂಗಳು ಟ್ರ್ಯಾಕ್ ಮುಚ್ಚಿದರು. ವಿಷಯ ಎಲ್ಲರಿಗೂ ತಿಳಿಯಿತು. ಹಲ್ಲಿನ ಡಾಕ್ಟರು ಮನೆಗೆ ಬಂದು ಸಮಾಧಾನ ಹೇಳಿದರು, ಬಸ್ ಡ್ರೈವರು ದಾರಿಯಲ್ಲಿ ಸಿಕ್ಕು, "ನನ್ನ ಟೈರನ್ನೂ ಹೀಗೇ ನೋಡಿದ್ರಾ ಅಕ್ಕ?" ಎಂದು ಕೇಳಿದ. ಯಾವಾಗಿನಿಂದ ಎಂದು ಅವಳಿಗೇ ಖಚಿತವಿರಲಿಲ್ಲವಾದ್ದರಿಂದ, "ಇರಬಹುದು" ಎಂದಳು. ಅವನು ಮುಂದೆ ನಡೆದ.

ನರದ ಡಾಕ್ಟರು ಕೈ ಪರೀಕ್ಷೆ ಮಾಡಿ, ಹೋದದ್ದು ಹೋಯಿತು, ಇರುವುದನ್ನು ಚಳಿಯಿಂದ ಕಾಪಾಡಿಕೊಳ್ಳಿ ಎಂದು ಉಣ್ಣೆಯ ಗ್ಲೌಸ್ ಹಾಕಲು ಹೇಳಿದರು.

ಟ್ರ್ಯಾಕ್ ಮತ್ತೆ ತೆರೆದಾಗ ಶೆಡ್ಡಿನಲ್ಲಿ ಕಾರನ್ನು ಎತ್ತುವ ಯಂತ್ರ, ಕೈದೀಪ, ಉದ್ದ ಹಿಡಿಯ ಕನ್ನಡಿ ಬಂದಿದ್ದವು. ಇಬ್ಬರು ಹೊಸಬರು ಬಂದಿದ್ದರು. ಕೆಲಸ ಕಲಿಸಿಕೊಡಿ ಎಂದು ಮ್ಯಾನೇಜರು ಅವಳನ್ನೇ ಕರೆಸಿದರು. ಅವಳು ಹೋಗಬಾರದೆಂದಿದ್ದಳು, ಹೋದಳು. ಸ್ಟೂಲಿನ ಮೇಲೆ ಗ್ಲೌಸ್ ಹಾಕಿದ ಕೈಗಳನ್ನು ಮಡಿಲಲ್ಲಿಟ್ಟು ಕುಳಿತು, ಅವರು ಬೆರಳಾಡಿಸುವಾಗ ಏನು ಸಿಗುತ್ತಿದೆ ಹೇಳಿ ಎನ್ನುತ್ತಿದ್ದಳು. ಏನೂ ಇಲ್ಲ ಎಂದರೆ ಮತ್ತೆ ನೋಡಿಸುತ್ತಿದ್ದಳು, ಕನ್ನಡಿ ಹಿಡಿಸುತ್ತಿದ್ದಳು, ಅವರಿಗೆ ಬೇಸರ ಬರುವಷ್ಟು. ಕಲಿಸಿ ಮುಗಿದ ಮೇಲೆ ಶೆಡ್ಡಿನ ಕಡೆ ಹೋಗುವುದನ್ನು ಬಿಟ್ಟಳು. ಈಗ ನಾದಿನಿಯ ಹೊಲಿಗೆಗೆ ಅಳತೆ ತೆಗೆಯುತ್ತಾಳೆ. ಪಿನ್ನು ಮುಟ್ಟಲು ನಾದಿನಿ ಬಿಡುವುದಿಲ್ಲ.

ಬೇಕರಿ ಮತ್ತೆ ತೆರೆಯಿತು. ಬೇಕರಿಯವನು ಕಾರು ಮಾರಿದ. ಒಂದು ಕಾಲು ಗಿಡ್ಡವಾಗಿ, ಎತ್ತರದ ಸ್ಟೂಲಿನ ಮೇಲೆ ಕುಳಿತೇ ಹಿಟ್ಟು ನಾದುತ್ತಾನೆ ಎಂದು ಗಂಡ ಸುದ್ದಿ ತಂದ. ಬಹಳ ದಿನ ಅವಳು ಆ ಬೀದಿಗೆ ಹೋಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಹೋದಳು. ಒಳಗಿನಿಂದ ಅವನು, "ಚೆನ್ನಾಗಿದ್ದೀರಾ ಅಕ್ಕ?" ಎಂದು ಕೂಗಿದ. ಕೌಂಟರಿನಲ್ಲಿದ್ದ ಹೆಂಡತಿ ಮುಖ ಎತ್ತಲಿಲ್ಲ. ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿದಳು, ಕೊಡಲು ಚಾಚಿದ ಕೈಯನ್ನು ಅರ್ಧಕ್ಕೆ ಹಿಂದೆಗೆದು ಇನ್ನೊಂದು ಕಾಗದ ಸುತ್ತಿದಳು.

"ಈಗ ತಾನೇ ಒಲೆಯಿಂದ ತೆಗೆದಿದ್ದು" ಎಂದಳು. "ನಿಮಗೆ ಗೊತ್ತಾಗಲ್ಲ. ಸುಟ್ಕೊಂಡೀರಿ."

ಅದು ಕಾಳಜಿಯೋ ಚುಚ್ಚುಮಾತೋ ಎಂದು ಅವಳಿಗೆ ತಿಳಿಯಲಿಲ್ಲ. ಮನೆಗೆ ಬಂದು ನಾದಿನಿಗೆ ಹೇಳಿದಳು. ನಾದಿನಿ ಮೆಷಿನ್ ನಿಲ್ಲಿಸಿ ಯೋಚಿಸಿ, "ಎರಡೂ ಇರುತ್ತೆ ಅತ್ತಿಗೆ" ಎಂದಳು. ಅವಳು ಹೌದೆಂದಳು. ಮುಂದಿನ ವಾರವೂ ಬ್ರೆಡ್ಡಿಗೆ ಅಲ್ಲಿಗೇ ಹೋದಳು.